ಕಾವೇರಿ ಲೆಕ್ಕ ಇಟ್ಟುಕೊಂಡು ಲೈಬ್ರರಿ ಪಾಠ: ಡಿಗ್ರಿ ಮಕ್ಕಳಿಗೆ ಮಾಹಿತಿ ಹುಡುಕೋದು, ಜರಡಿ ಹಿಡಿಯೋದು ಕಲಿಸುವ ಬಗೆ

ಮಂಡ್ಯ, ಮದ್ದೂರು, ಪಾಂಡವಪುರ, ನಂಜನಗೂಡು, ಹುಣಸೂರು ಕಡೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಲೈಬ್ರರಿ ನೋಡಿಕೊಳ್ಳುವವರಿಗೆ ಮತ್ತು ಅಲ್ಲಿ ಪಾಠ ಮಾಡುವ ಮೇಷ್ಟ್ರು, ಮೇಡಂಗಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಓದೋಕೆ ಬರೋರಲ್ಲಿ ಹಳ್ಳಿ ಮಕ್ಕಳೇ ಜಾಸ್ತಿ. ಎಷ್ಟೋ ಮನೆಗಳಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲು. ಬೆಳಗ್ಗೆ ಹಾಲು ಡೇರಿಗೆ ಹಾಕಿ ಬಸ್ಸು ಹಿಡಿಯೋರಿದ್ದಾರೆ, ಸಂಜೆ ಅಂಗಡಿಯಲ್ಲಿ ದುಡಿಯೋರಿದ್ದಾರೆ. ಎಲ್ಲರ ಕೈಯಲ್ಲೂ ಫೋನ್ ಇದೆ. ಆದರೆ ಫೋನಿನಲ್ಲಿ ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ಯಾರೂ ಪಕ್ಕದಲ್ಲಿ ಕೂತು ತೋರಿಸಿಲ್ಲ.

ಅಮೆರಿಕದ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಲ್ಲೂ ಹೆಚ್ಚುಕಮ್ಮಿ ಇಂಥದೇ ಮಕ್ಕಳು. ಕೆಲಸ ಮಾಡುತ್ತಾ ಓದುವವರು, ಮನೆ ಜವಾಬ್ದಾರಿ ಹೊತ್ತವರು. ಮಾಹಿತಿ ಹುಡುಕಿ ತೂಗಿ ನೋಡೋದನ್ನು ಕಲಿಸೋದೂ ಲೈಬ್ರರಿಯವರ ಕೆಲಸ ಅಂತ ಅಲ್ಲಿ ಒಪ್ಪಿಕೊಂಡು ಬಹಳ ವರ್ಷ ಆಯ್ತು. ಅಲ್ಲಿನ ಕಾಲೇಜು ಲೈಬ್ರರಿಗಳ ಸಂಘ 2016ರಲ್ಲಿ ಇದಕ್ಕೊಂದು ಚೌಕಟ್ಟು ಒಪ್ಪಿಕೊಂಡಿತು. ಅದರ ಆರು ವಿಚಾರಗಳಲ್ಲಿ ಒಂದು ನನಗೆ ತುಂಬ ಹಿಡಿಸಿತು: ಯಾರ ಮಾತಿಗೆ ಎಷ್ಟು ತೂಕ ಅನ್ನೋದು ನೀವು ಕೇಳುತ್ತಿರುವ ಪ್ರಶ್ನೆಯ ಮೇಲೆ ನಿಂತಿದೆ. ಕಬ್ಬಿಗೆ ಬೀಳುವ ಗೊಣ್ಣೆಹುಳದ ವಿಚಾರಕ್ಕೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ವಿಜ್ಞಾನಿಯ ಮಾತು ದೊಡ್ಡದು. ಕಾರ್ಖಾನೆಯಿಂದ ದುಡ್ಡು ತಡವಾದಾಗ ಮನೆ ಖರ್ಚು ಹೇಗೆ ನಡೆಯುತ್ತೆ ಅನ್ನೋದಕ್ಕೆ ಕಬ್ಬು ಬೆಳೆದವನ ಮಾತೇ ದೊಡ್ಡದು. ಮಂಡ್ಯದ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತೆ.

ನಾನು ಹೇಳೋದು ಮೂರೇ ಮಾತು. ಲೈಬ್ರರಿ ಪಾಠವನ್ನು ಒಂದು ಅಸೈನ್‌ಮೆಂಟಿಗೆ ಕಟ್ಟಿ. ಆ ಅಸೈನ್‌ಮೆಂಟಿನ ಪ್ರಶ್ನೆ ಮಕ್ಕಳ ಊರಿನದ್ದೇ ಆಗಿರಲಿ. ಲೈಬ್ರರಿ ತೆರೆದಿರೋ ವೇಳೆ ಅವರ ಬಸ್ಸಿಗೆ ಹೊಂದಲಿ. ಮಿಕ್ಕಿದ್ದೆಲ್ಲ ಇದರ ಬಿಡಿಸಿದ ರೂಪ.

ಓರಿಯಂಟೇಶನ್ ದಿನ ಬಿಡಿ, ಅಸೈನ್‌ಮೆಂಟ್ ಕೊಟ್ಟ ವಾರ ಹಿಡಿಯಿರಿ

ಕಾಲೇಜು ಶುರುವಾದ ವಾರ ಮಕ್ಕಳನ್ನೆಲ್ಲ ಸಾಲಾಗಿ ಲೈಬ್ರರಿಗೆ ಕರೆತಂದು, ಇಲ್ಲಿ ರೆಫರೆನ್ಸ್ ಸೆಕ್ಷನ್, ಇಲ್ಲಿ ಪೇಪರ್ ಸ್ಟ್ಯಾಂಡ್, ಒಂದು ಸಲಕ್ಕೆ ಎರಡು ಪುಸ್ತಕ, ತಡವಾದರೆ ಫೈನ್ ಅಂತ ಹೇಳಿ ಕಳಿಸೋದು ಎಲ್ಲ ಕಡೆ ನಡೆಯುತ್ತೆ. ಅದರಿಂದ ಬಾಗಿಲು ಎಲ್ಲಿದೆ ಅಂತ ಗೊತ್ತಾಗುತ್ತೆ, ಅಷ್ಟೇ. ಆ ದಿನ ಅವರಿಗೆ ಹುಡುಕಬೇಕಾದ್ದು ಏನೂ ಇರೋದಿಲ್ಲ. ಬೇಕು ಅನ್ನೋದೇ ಹುಟ್ಟದಿರುವಾಗ ಹೇಳಿಕೊಟ್ಟದ್ದು ತಲೆಯಲ್ಲಿ ನಿಲ್ಲೋದಿಲ್ಲ, ಅಲ್ವಾ?

ಅದಕ್ಕೆ ಹೀಗೆ ಮಾಡಿ. ಇಡೀ ಕಾಲೇಜನ್ನು ಒಟ್ಟಿಗೆ ಬದಲಾಯಿಸೋಕೆ ಹೋಗಬೇಡಿ. ನಿಮ್ಮ ಜೊತೆ ಕೈಜೋಡಿಸೋ ಒಬ್ಬ ಮೇಷ್ಟ್ರನ್ನು ಹಿಡಿಯಿರಿ. ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ, ಕಾಮರ್ಸ್, ಯಾವುದಾದರೂ ಸರಿ. ಅತಿಥಿ ಉಪನ್ಯಾಸಕರಾದರೂ ಸರಿ, ಎಷ್ಟೋ ಸಲ ಅವರೇ ಜಾಸ್ತಿ ಹುರುಪಿನಿಂದ ಬರುತ್ತಾರೆ. ಇಂಟರ್ನಲ್ಸ್‌ಗೆ ಕೊಡೋ ಅಸೈನ್‌ಮೆಂಟ್ ಒಂದನ್ನು ಇಬ್ಬರೂ ಸೇರಿ ಬರೆಯಿರಿ. ಅಸೈನ್‌ಮೆಂಟ್ ಕೊಟ್ಟ ವಾರದಲ್ಲೇ ಅವರ ಒಂದು ಪೀರಿಯಡ್ ನಿಮಗೆ ಕೊಡಲಿ. ಮೇಷ್ಟ್ರೂ ಕ್ಲಾಸಿನಲ್ಲೇ ಇರಲಿ. ಲೈಬ್ರರಿಯನ್‌ಗೆ ಪೀರಿಯಡ್ ಒಪ್ಪಿಸಿ ಸ್ಟಾಫ್ ರೂಮಿಗೆ ಹೋದರೆ ಮಕ್ಕಳು ಅದನ್ನು ಬಿಡುವಿನ ಪೀರಿಯಡ್ ಅಂದುಕೊಳ್ಳುತ್ತಾರೆ. ಇನ್ನೊಂದು ಮಾತು ಮುಖ್ಯ: ಒಟ್ಟು ಅಂಕದಲ್ಲಿ ಒಂದೆರಡಾದರೂ 'ಈ ಮಾಹಿತಿ ಎಲ್ಲಿಂದ ಬಂತು' ಅಂತ ಬರೆದದ್ದಕ್ಕೆ ಮೀಸಲಿರಲಿ. ಅಂಕ ಇಲ್ಲದಿದ್ದರೆ ಯಾರೂ ಬರೆಯೋದಿಲ್ಲ. ಅದರಲ್ಲಿ ಮಕ್ಕಳ ತಪ್ಪಿಲ್ಲ, ಅವರಿಗಿರೋ ಹೊತ್ತೇ ಕಡಿಮೆ.

ಪ್ರಶ್ನೆ ಆರಿಸೋದೇ ಅರ್ಧ ಕೆಲಸ

'ಭಾರತದ ಆರ್ಥಿಕತೆಯಲ್ಲಿ ಕೃಷಿಯ ಪಾತ್ರ' ಅಂತ ಕೊಟ್ಟರೆ ಗೈಡಿನಲ್ಲಿ ಉತ್ತರ ಸಿದ್ಧವಾಗಿರುತ್ತೆ. ಎಲ್ಲರದ್ದೂ ಒಂದೇ ಉತ್ತರ. ಹುಡುಕೋ ಪ್ರಸಂಗವೇ ಬರೋದಿಲ್ಲ. ಮೂಲಗಳು ಒಂದಕ್ಕೊಂದು ತಾಳೆಯಾಗದಂಥ, ಆದರೆ ನಿಜವಾದ ಉತ್ತರ ಇರುವಂಥ ಪ್ರಶ್ನೆ ಕೊಡಿ. ನಮ್ಮ ಕಡೆ ಅದಕ್ಕೆ ಕಾವೇರಿಗಿಂತ ಒಳ್ಳೆ ವಿಷಯ ನನಗೆ ಕಂಡಿಲ್ಲ.

ಬೋರ್ಡಿನ ಮೇಲೆ ಹೀಗೆ ಬರೆಯಿರಿ: 'ಕೆಆರ್‌ಎಸ್‌ನಿಂದ ತಮಿಳುನಾಡಿಗೆ ವರ್ಷಕ್ಕೆ ಎಷ್ಟು ಟಿಎಂಸಿ ನೀರು ಬಿಡಬೇಕು?' (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ.) ಮಕ್ಕಳು ಫೋನಿನಲ್ಲಿ ಹುಡುಕಲಿ. ಐದು ನಿಮಿಷದೊಳಗೆ ನಾಲ್ಕು ಅಂಕಿ ಬರುತ್ತವೆ: 205, 192, 177.25, 419. ಯಾವುದನ್ನೂ ಸರಿ, ತಪ್ಪು ಅನ್ನಬೇಡಿ. ಕ್ಲಾಸನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಅಂಕಿ ಕೊಡಿ. ಮೂರು ಪ್ರಶ್ನೆಗೆ ಉತ್ತರ ತರಲಿ. ಈ ಅಂಕಿ ಹೇಳಿದ್ದು ಯಾರು? ಯಾವಾಗ? ಅದು ನಿಜವಾಗಿ ಯಾವುದರ ಲೆಕ್ಕ?

ಅವರು ತರೋದು ಇದು. 205 ಟಿಎಂಸಿ ಅನ್ನೋದು ಕಾವೇರಿ ನ್ಯಾಯಮಂಡಳಿ 1991ರಲ್ಲಿ ಕೊಟ್ಟ ಮಧ್ಯಂತರ ಆದೇಶದ್ದು, ಮೆಟ್ಟೂರು ಜಲಾಶಯಕ್ಕೆ ತಲುಪಬೇಕಾದ ನೀರು. 192 ಅದೇ ನ್ಯಾಯಮಂಡಳಿ 2007ರ ಫೆಬ್ರವರಿಯಲ್ಲಿ ಕೊಟ್ಟ ಅಂತಿಮ ತೀರ್ಪಿನದ್ದು. 177.25 ಅನ್ನೋದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಹೇಳಿದ್ದು. 419 ಅಂತ ತಂದ ಗುಂಪಿಗೆ ದೊಡ್ಡ ಆಶ್ಚರ್ಯ ಕಾದಿರುತ್ತೆ. ಅದು ನಾವು ಬಿಡೋ ನೀರೇ ಅಲ್ಲ. ಇಡೀ ಕಣಿವೆಯ 740 ಟಿಎಂಸಿಯಲ್ಲಿ ತಮಿಳುನಾಡಿನ ಪಾಲು ಅಂತ 2007ರಲ್ಲಿ ಹೇಳಿದ ಒಟ್ಟು ಲೆಕ್ಕ, ಅಲ್ಲಿಯದೇ ಮಳೆಯಿಂದ ಸಿಗೋ ನೀರೂ ಅದರಲ್ಲಿ ಸೇರಿದೆ.

ಈಗ ಕಳೆಯೋ ಲೆಕ್ಕ ಮಾಡಿಸಿ. 192ರಿಂದ 177.25 ಕಳೆದರೆ 14.75. ಅದೇ 14.75 ಕರ್ನಾಟಕದ ಪಾಲಿಗೆ ಸೇರಿ, 270 ಇದ್ದದ್ದು 284.75 ಆಯ್ತು. ಅದರಲ್ಲಿ 10 ಟಿಎಂಸಿ ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ ಬಂದದ್ದು, 4.75 ಬೆಂಗಳೂರಿನ ಕುಡಿಯೋ ನೀರಿಗೆ. ಎರಡು ಬೇರೆ ಬೇರೆ ಕಡೆ ಸಿಕ್ಕ ಅಂಕಿಗಳು ಹೀಗೆ ಪೈಸೆ ಪೈಸೆಗೆ ತಾಳೆಯಾದಾಗ ಮಕ್ಕಳ ಮುಖ ನೋಡಬೇಕು. ಮಾಹಿತಿ ಪರೀಕ್ಷಿಸೋದು ಅಂದರೆ ಇದೇ ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕೊನೆಗೆ ಪ್ರಶ್ನೆಯ ಮೇಲೇ ಕಣ್ಣು ಹಾಯಿಸಿ. 'ಕೆಆರ್‌ಎಸ್‌ನಿಂದ' ಅಂತ ಬರೆದದ್ದೇ ಸರಿ ಇಲ್ಲ. ನೀರನ್ನು ಅಳೆಯೋದು ರಾಜ್ಯದ ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿಗೆ ಕಬಿನಿಯ ನೀರೂ ಬರುತ್ತೆ, ಕೆಳಗೆ ಬಿದ್ದ ಮಳೆಯ ನೀರೂ ಬರುತ್ತೆ. ಜೊತೆಗೆ 177.25 ಅನ್ನೋದು ಮಳೆ ಸರಿಯಾಗಿ ಆದ ವರ್ಷದ ಲೆಕ್ಕ. ಅಂದರೆ ಹುಡುಕಾಟದಲ್ಲಿ ಕೆಲವು ಸಲ ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕಾಗುತ್ತೆ. ಇದನ್ನು ಅವರೇ ಕಂಡುಕೊಂಡರೆ ಆ ಪೀರಿಯಡ್ ಸಾರ್ಥಕ.

ಕಾಮರ್ಸ್ ಮಕ್ಕಳಿಗೆ ಕಬ್ಬಿನ ಎಫ್‌ಆರ್‌ಪಿ ಕೊಡಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ. 2024-25ಕ್ಕೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 340 ರೂಪಾಯಿ ಅಂದಿತು, 2025-26ಕ್ಕೆ 355. ಎರಡೂ 10.25 ಶೇಕಡಾ ಸಕ್ಕರೆ ಇಳುವರಿಗೆ. ಊರಲ್ಲಿ ಮಾತಾಡೋದು ಟನ್ ಲೆಕ್ಕ. ವರ್ಷ, ಅಳತೆ, ಇಳುವರಿ ಮೂರೂ ಇಲ್ಲದ ಬೆಲೆ ಅರ್ಧ ಸುದ್ದಿ ಅನ್ನೋದು ಅವರಿಗೆ ಮನೆಯಲ್ಲಿ ಅಪ್ಪನ ಹತ್ತಿರ ಕೇಳಿದರೂ ಗೊತ್ತಾಗುತ್ತೆ.

ಯಾವ ಹೆಸರಿನಲ್ಲಿ ಹುಡುಕಬೇಕು

ಮಕ್ಕಳು ಪ್ರಶ್ನೆಯನ್ನು ಪೂರ್ತಿ ಹಾಗೇ ಟೈಪ್ ಮಾಡಿ ಮೊದಲ ಫಲಿತಾಂಶ ಒತ್ತುತ್ತಾರೆ. ಸಿಗದಿದ್ದರೆ 'ಇಲ್ಲ ಮೇಡಂ, ಎಲ್ಲೂ ಇಲ್ಲ' ಅಂತ ಬರುತ್ತಾರೆ. ಇರುತ್ತೆ, ಆದರೆ ಬೇರೆ ಹೆಸರಿನಲ್ಲಿ. ಹುಡುಕೋ ಮುಂಚೆ ಒಂದು ಹಾಳೆಯಲ್ಲಿ ಪದಗಳ ಪಟ್ಟಿ ಮಾಡಿಸಿ. ಅಣೆಕಟ್ಟಿಗೆ ಕೆಆರ್‌ಎಸ್, ಕನ್ನಂಬಾಡಿ, ಕೃಷ್ಣರಾಜಸಾಗರ ಮೂರೂ ಬರೆಯಲಿ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹುಡುಕಲಿ. ಎರಡರಲ್ಲಿ ಸಿಗೋದು ಬೇರೆ ಬೇರೆ.

ಇತಿಹಾಸದ ಮಕ್ಕಳಿಗೆ ಇದನ್ನು ಇನ್ನೂ ಒತ್ತಿ ಹೇಳಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಮುಂಚಿನ ಗೆಜೆಟಿಯರ್‌ನಲ್ಲಿ, 1931ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆ ಅಂತ ಹುಡುಕಿದರೆ ಸಿಗೋದಿಲ್ಲ, ಮೈಸೂರು ಜಿಲ್ಲೆಯೊಳಗೆ ನೋಡಬೇಕು. 1973ರ ನವೆಂಬರ್ 1ರವರೆಗೆ ಇಡೀ ರಾಜ್ಯದ ಹೆಸರೇ ಮೈಸೂರು. ಹಾಗಾಗಿ 1960ರ ದಶಕದ ವರದಿಯಲ್ಲಿ ಮೈಸೂರು ಅಂತ ಕೊಟ್ಟ ಅಂಕಿ ಊರಿನದ್ದೋ, ಜಿಲ್ಲೆಯದ್ದೋ, ರಾಜ್ಯದ್ದೋ ಅಂತ ನೋಡದೆ ಎತ್ತಿಕೊಂಡರೆ ಲೆಕ್ಕ ಪೂರ್ತಿ ಕೆಡುತ್ತೆ. ಊರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್‌ನಲ್ಲಿ ಬದಲಾಯಿತು. ಹಳೆಯ ದಾಖಲೆಗಳು ಹಳೆಯ ಸ್ಪೆಲಿಂಗ್‌ನಲ್ಲೇ ಉಳಿದಿವೆ.

ಗೂಗಲ್‌ನಲ್ಲಿ ಎರಡು ಉಪಾಯ ಸಾಕು. ಪದಗಳ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದರೆ ಅದೇ ಸಾಲು ಇರುವ ಪುಟ ಹುಡುಕುತ್ತೆ. ಇಂಗ್ಲಿಷಿನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಗವ್ ಡಾಟ್ ಇನ್ ಅಂತ ಸೇರಿಸಿದರೆ ಸರ್ಕಾರಿ ತಾಣಗಳಲ್ಲಿ ಮಾತ್ರ ಹುಡುಕುತ್ತೆ. ಇದನ್ನು ನೀವು ಹೇಳಿದರೆ ಸಾಲದು, ಅವರ ಕೈಯಲ್ಲೇ ಮಾಡಿಸಿ.

ಪುಟದಲ್ಲೇ ಕೂರಬೇಡಿ, ಹೊರಗೆ ಬನ್ನಿ

ಒಂದು ವೆಬ್ ಪುಟ ನಂಬಿಕೆಗೆ ಅರ್ಹವೋ ಅಂತ ಅದೇ ಪುಟವನ್ನು ಮೇಲಿಂದ ಕೆಳಗೆ ದಿಟ್ಟಿಸಿದರೆ ಗೊತ್ತಾಗೋದಿಲ್ಲ. ಚೆಂದದ ಲೋಗೋ, ನಮ್ಮ ಬಗ್ಗೆ ಅನ್ನೋ ಪುಟ, ಎಲ್ಲವನ್ನೂ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಅಮೆರಿಕದ ಮೈಕ್ ಕಾಲ್‌ಫೀಲ್ಡ್ 2019ರಲ್ಲಿ ಇದಕ್ಕೆ ನಾಲ್ಕು ನಡೆಗಳನ್ನು ಹೇಳಿದರು. ನಿಲ್ಲಿ. ಹೇಳಿದ್ದು ಯಾರು ನೋಡಿ. ಅದೇ ವಿಷಯವನ್ನು ಇನ್ನೂ ಒಳ್ಳೆ ಮೂಲ ಹೇಳಿದೆಯಾ ಹುಡುಕಿ. ಮಾತು ಮೊದಲು ಹುಟ್ಟಿದ ಜಾಗಕ್ಕೆ ಹೋಗಿ. ನಿಂತ ಮೇಲಿನ ಮೂರಕ್ಕೂ ಆ ಪುಟ ಬಿಟ್ಟು ಇನ್ನೊಂದು ಟ್ಯಾಬ್ ತೆರೆಯಬೇಕು, ಅದೇ ಇದರ ಗುಟ್ಟು.

ಅಭ್ಯಾಸಕ್ಕೆ ಸ್ಕಾಲರ್‌ಶಿಪ್ ಮೆಸೇಜ್ ತಗೊಳ್ಳಿ. 'ಡಿಗ್ರಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್, ಇಂದೇ ಕೊನೆ ದಿನ, ಹತ್ತು ಗುಂಪಿಗೆ ಕಳಿಸಿ' ಅನ್ನೋ ಥರದ್ದು ಅವರ ಫೋನಿನಲ್ಲೇ ಸಿಗುತ್ತೆ. ಲಿಂಕ್ ಒತ್ತಬಾರದು. ಅದರ ವಿಳಾಸ ಮಾತ್ರ ಓದಲಿ. ರಾಜ್ಯದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋ ಎಸ್‌ಎಸ್‌ಪಿ ತಾಣದ ವಿಳಾಸ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಂತ ಮುಗಿಯುತ್ತೆ. ಮೆಸೇಜಿನದ್ದು ಹೇಗೆ ಮುಗಿದಿದೆ? ಗವ್ ಅನ್ನೋ ಅಕ್ಷರ ಮಧ್ಯದಲ್ಲೆಲ್ಲೋ ತೂರಿಸಿ, ಕೊನೆಗೆ ಬೇರೇನೋ ಇರೋ ವಿಳಾಸಗಳಿಗೆ ಮೋಸ ಹೋಗೋರು ಬಹಳ. ವಿಳಾಸದ ಶುರುವಿನಲ್ಲಿರೋ ಜೋಡಿ ಓರೆಗೆರೆ ಬಿಟ್ಟು, ಆಮೇಲಿನ ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅದಕ್ಕೂ ಮುಂಚಿನ ತುದಿ ಓದಿ. ಆಧಾರ್, ಬ್ಯಾಂಕ್ ಖಾತೆ, ಒಟಿಪಿ ಕೊಟ್ಟು ದುಡ್ಡು ಕಳಕೊಳ್ಳೋದು ತಪ್ಪೋದಾದರೆ ಈ ಒಂದು ಪಾಠಕ್ಕೇ ಇಡೀ ಸೆಮಿಸ್ಟರ್ ಕೊಟ್ಟರೂ ನಷ್ಟವಿಲ್ಲ. ಎಫ್‌ಡಿಎ, ಪಿಡಿಒ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರುವವರಿಗೂ ಇದೇ ಮಾತು. ನೋಟಿಫಿಕೇಶನ್ ಅನ್ನು ಯೂಟ್ಯೂಬ್ ಚಾನೆಲ್‌ನಲ್ಲಿ ಕೇಳಿ ಬಿಡಬಾರದು, ಕೆಪಿಎಸ್‌ಸಿ ಅಥವಾ ಕೆಇಎ ತಾಣದ ಪಿಡಿಎಫ್ ತೆರೆದು ಓದಬೇಕು.

ಚಾಟ್‌ಜಿಪಿಟಿ ಬಳಸಬೇಡಿ ಅಂತ ಹೇಳಿ ಪ್ರಯೋಜನವಿಲ್ಲ, ಬಳಸುತ್ತಾರೆ. ಅದರ ದೌರ್ಬಲ್ಯವನ್ನು ಕಣ್ಣಾರೆ ತೋರಿಸಿ. ಕ್ಲಾಸಿನಲ್ಲೇ ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆಯ ಬಗ್ಗೆ ಐದು ಪುಸ್ತಕ, ಲೇಖನಗಳ ಹೆಸರು ಕೇಳಿ. ಆಮೇಲೆ ಒಂದೊಂದನ್ನೂ ಹುಡುಕಲಿ. ಲೇಖಕ, ವರ್ಷ, ಪುಟ ಎಲ್ಲ ಇದ್ದೂ ಪುಸ್ತಕವೇ ಇಲ್ಲದಿರುವ ಸಾಧ್ಯತೆ ಇರುತ್ತೆ. ಕೈಗೆ ಸಿಗದ, ತೆರೆದು ನೋಡದ ಮೂಲವನ್ನು ಅಸೈನ್‌ಮೆಂಟಿನಲ್ಲಿ ಬರೆಯೋ ಹಾಗಿಲ್ಲ ಅಂತ ಒಂದೇ ನಿಯಮ ಮಾಡಿ. ವಿಕಿಪೀಡಿಯಕ್ಕೂ ಇದೇ ನಿಯಮ: ಅಲ್ಲಿ ಶುರು ಮಾಡಿ, ಕೆಳಗಿನ ಉಲ್ಲೇಖಗಳಿಗೆ ಇಳಿಯಿರಿ.

ದುಡ್ಡಿಲ್ಲದೆ ಸಿಗೋದು ಏನೇನು

ಗುಜರಾತಿನ ಗಾಂಧಿನಗರದಲ್ಲಿರೋ ಯುಜಿಸಿಯ ಸಂಸ್ಥೆ ಇನ್‌ಫ್ಲಿಬ್‌ನೆಟ್ ಕಾಲೇಜುಗಳಿಗೆ ಅಂತಲೇ ಎನ್-ಲಿಸ್ಟ್ ಅನ್ನೋ ಆನ್‌ಲೈನ್ ಸೇವೆ ನಡೆಸುತ್ತೆ. ಇ-ಪುಸ್ತಕ, ಜರ್ನಲ್‌ಗಳನ್ನು ಮನೆಯಿಂದಲೇ ಓದಬಹುದು. ಆದರೆ ಪ್ರತಿ ವಿದ್ಯಾರ್ಥಿಗೂ ಲಾಗಿನ್ ಬೇಕು, ಅವರ ಪಟ್ಟಿ ಸೇರಿಸಬೇಕಾದದ್ದು ಕಾಲೇಜಿನವರು. ಸದಸ್ಯತ್ವ ಇದ್ದೂ ಲಾಗಿನ್ ಮಕ್ಕಳ ಕೈಗೆ ತಲುಪದಿದ್ದರೆ ಆ ದುಡ್ಡು ದಂಡ. ಪ್ರವೇಶದ ಹೊತ್ತಿನಲ್ಲೇ ಇಮೇಲ್ ವಿಳಾಸ ತಗೊಂಡು ಆ ತಿಂಗಳಲ್ಲೇ ಮುಗಿಸಿಬಿಡಿ. 2025ರ ಜನವರಿಯಿಂದ ಸರ್ಕಾರಿ ಸಂಸ್ಥೆಗಳಿಗೆ ಜರ್ನಲ್‌ಗಳನ್ನು ಒದಗಿಸೋ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯೂ ಶುರುವಾಗಿದೆ. ನಿಮ್ಮ ಕಾಲೇಜು ಅದರಲ್ಲಿದೆಯಾ ಅಂತ ವಿಚಾರಿಸಿ.

ಇನ್‌ಫ್ಲಿಬ್‌ನೆಟ್‌ನದೇ ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳು ಯಾರಿಗಾದರೂ ತೆರೆದಿವೆ. ಅಲ್ಲಿ ಮಂಡ್ಯ ಜಿಲ್ಲೆ ಅಂತ ಹುಡುಕಿಸಿ ನೋಡಿ. ತಮ್ಮ ತಾಲ್ಲೂಕಿನ ಬಗ್ಗೆ ಯಾರೋ ವರ್ಷಗಟ್ಟಲೆ ಕೂತು ಬರೆದಿದ್ದಾರೆ ಅಂತ ಕಂಡಾಗ ಮಕ್ಕಳಿಗೆ ಓದೋ ಆಸೆ ಹುಟ್ಟುತ್ತೆ. ಐಐಟಿ ಖರಗ್‌ಪುರ ನಡೆಸೋ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ ಇದೆ. ಕನ್ನಡದಲ್ಲೇ ಓದೋರಿಗೆ ರಾಜ್ಯ ಸರ್ಕಾರದ ಕಣಜ ಅನ್ನೋ ತಾಣ ಇದೆ. ನಿಘಂಟುಗಳಿಗೆ ಭಾರತವಾಣಿ ಇದೆ, ಅದು ನಮ್ಮ ಮಾನಸಗಂಗೋತ್ರಿಯ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯದ್ದು. ಎಲ್ಲವನ್ನೂ ಒಂದೇ ದಿನ ತೋರಿಸಬೇಡಿ. ಆ ಅಸೈನ್‌ಮೆಂಟಿಗೆ ಬೇಕಾದ್ದು ಎರಡೇ ಸಾಕು.

ಇತಿಹಾಸದವರನ್ನು ಒಂದು ದಿನ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರೆದುಕೊಂಡು ಹೋಗಿ, ಮೊದಲೇ ಕೇಳಿ ಅನುಮತಿ ಪಡೆದು. 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಅಲ್ಲೇ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿ. ಅವರು ಅಲ್ಲಿನ ಗ್ರಂಥಪಾಲಕರು. ಲೈಬ್ರರಿಯಲ್ಲಿ ಕೆಲಸ ಮಾಡುವವರು ದೇಶದ ಇತಿಹಾಸದ ಪುಟವನ್ನೇ ಬದಲಾಯಿಸಬಲ್ಲರು ಅಂತ ಮಕ್ಕಳಿಗೆ ಗೊತ್ತಿರಬೇಕು. ನಮಗೂ ನೆನಪಿರಬೇಕು.

ಲೈಬ್ರರಿಯೊಳಗೆ ಏನು ಬದಲಾಗಬೇಕು

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ಟರು. ನಾಲ್ಕನೆಯದು: ಓದುಗರ ಸಮಯ ಉಳಿಸಿ. ನಮ್ಮ ಮಕ್ಕಳ ಮಟ್ಟಿಗೆ ಸಮಯ ಅಂದರೆ ಬಸ್ಸು. ಮಧ್ಯಾಹ್ನದ ಕ್ಲಾಸು ಮುಗಿದ ಮೇಲೆ ಊರಿಗಿರೋ ಬಸ್ಸು ಒಂದೋ ಎರಡೋ. ಅದು ತಪ್ಪಿದರೆ ಕತ್ತಲಾಗುತ್ತೆ. ಲೈಬ್ರರಿ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿದರೆ, ಅವರಿಗೆ ಬಿಡುವಿರೋ ಒಂದೇ ಗಳಿಗೆಯಲ್ಲಿ ನಾವು ಇಲ್ಲ ಅಂದ ಹಾಗಾಯ್ತು. ಮೊದಲು ಯಾವ ದಾರಿಯ ಮಕ್ಕಳು ಎಷ್ಟು ಹೊತ್ತಿಗೆ ಬರುತ್ತಾರೆ, ಎಷ್ಟಕ್ಕೆ ಹೊರಡುತ್ತಾರೆ ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ. ಸಿಬ್ಬಂದಿ ಇಬ್ಬರಿದ್ದರೆ ಊಟಕ್ಕೆ ಸರದಿ ಮೇಲೆ ಹೋಗಿ. ಒಬ್ಬರೇ ಇದ್ದರೆ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಅರ್ಧ ಗಂಟೆ ಆಚೀಚೆ ಮಾಡಿಕೊಳ್ಳಿ.

ಇಶ್ಯೂ ಕೌಂಟರಿನ ಮುಂದೆ ನಿಂತು ಪುಸ್ತಕದ ಹೆಸರು ಹೇಳಿ, ಅಟೆಂಡರ್ ಒಳಗಿಂದ ತಂದುಕೊಡೋ ಪದ್ಧತಿ ಇನ್ನೂ ಇದ್ದರೆ ಅದನ್ನು ಬಿಡಿ. ಮಕ್ಕಳು ಕಪಾಟಿನ ಹತ್ತಿರ ಹೋಗಲಿ. ಕಳುವಾಗುತ್ತೆ ಅನ್ನೋ ಭಯ ನಿಜವೇ. ಅದಕ್ಕೆ ಬ್ಯಾಗ್ ಹೊರಗಿಡಿಸಿ, ಬಾಗಿಲು ಒಂದೇ ಇರಲಿ. ಆದರೆ ಬೇಕಾದ ಪುಸ್ತಕದ ಪಕ್ಕದಲ್ಲಿ ಇನ್ನೂ ಒಳ್ಳೇದು ಸಿಗೋ ಭಾಗ್ಯವನ್ನು ಅವರಿಂದ ಕಿತ್ತುಕೊಳ್ಳಬೇಡಿ. ಕಪಾಟಿನ ಮೇಲೆ ಬರೀ ನಂಬರ್ ಇದ್ದರೆ ಯಾರಿಗೂ ತಿಳಿಯೋದಿಲ್ಲ. ವಿಷಯಕ್ಕೊಂದು ನಂಬರ್ ಕೊಡೋ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ್ದರೆ 330 ಅರ್ಥಶಾಸ್ತ್ರ, 894.814 ಕನ್ನಡ ಸಾಹಿತ್ಯ, 954.87 ಕರ್ನಾಟಕ ಇತಿಹಾಸ ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಅಂಟಿಸಿ.

ಇದ್ದ ಒಂದೇ ಪ್ರತಿ ರೆಫರೆನ್ಸ್ ಪುಸ್ತಕವನ್ನು ಸಂಜೆ ಕೊಟ್ಟು ಮರುದಿನ ಬೆಳಗ್ಗೆ ವಾಪಸ್ ಪಡೆಯೋ ವ್ಯವಸ್ಥೆ ಮಾಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿ. ಕಂಪ್ಯೂಟರ್ ಇದ್ದರೆ ಪುಸ್ತಕಗಳ ಪಟ್ಟಿ ಇಡೋಕೆ ಕೊಹಾದಂಥ ಉಚಿತ ಸಾಫ್ಟ್‌ವೇರ್ ಅಥವಾ ಎನ್‌ಐಸಿಯ ಇ-ಗ್ರಂಥಾಲಯ ಹಾಕಿಸಿಕೊಳ್ಳಬಹುದು. ಬಂದ ಪುಸ್ತಕಗಳನ್ನು ನಮೂದಿಸೋ ಅಕ್ಸೆಷನ್ ರಿಜಿಸ್ಟರಿನಿಂದ ಎಲ್ಲವನ್ನೂ ತುಂಬೋಕೆ ಕಾಯಬೇಡಿ, ಮಕ್ಕಳು ಹೆಚ್ಚು ಒಯ್ಯೋ ಪುಸ್ತಕಗಳಿಂದ ಶುರು ಮಾಡಿ.

ಎಲ್ಲಕ್ಕಿಂತ ಉಪಯೋಗವಾಗೋದು ಒಂದು ಸಾದಾ ನೋಟ್‌ಬುಕ್. ಕೌಂಟರಿನ ಮೇಲಿಡಿ. 'ಕೇಳಿದ್ದು, ಸಿಗಲಿಲ್ಲ' ಅಂತ ಅದರ ಮೇಲೆ ಬರೆಯಿರಿ. ಯಾರು ಏನು ಕೇಳಿ ಬರಿಗೈಲಿ ಹೋದರು ಅಂತ ಅವತ್ತವತ್ತೇ ಬರೆದುಕೊಳ್ಳಿ. ಮುಂದಿನ ಸಲ ಪುಸ್ತಕ ಖರೀದಿಗೆ ದುಡ್ಡು ಬಂದಾಗ ಪ್ರಕಾಶಕರ ಪಟ್ಟಿ ಆಮೇಲೆ ತೆರೆಯಿರಿ, ಈ ನೋಟ್‌ಬುಕ್ ಮೊದಲು ತೆರೆಯಿರಿ.

ಪ್ರಶ್ನೆ ಕೇಳೋಕೆ ಮಕ್ಕಳಿಗೆ ಹಿಂಜರಿಕೆ ಜಾಸ್ತಿ. ಹೆಣ್ಣುಮಕ್ಕಳಿಗೆ ಇನ್ನೂ ಜಾಸ್ತಿ. ಬಾಗಿಲ ಹತ್ತಿರ ಒಂದು ಮೇಜು ಹಾಕಿ, ಅಂತಿಮ ವರ್ಷದ ಇಬ್ಬರನ್ನು ಮಧ್ಯಾಹ್ನದ ಬಿಡುವಿನಲ್ಲಿ ಕೂರಿಸಿ. 'ಅಕ್ಕ, ಇದು ಎಲ್ಲಿ ಸಿಗುತ್ತೆ?' ಅಂತ ಕೇಳೋದು ಸುಲಭ. ಅವರಿಗೆ ಗೊತ್ತಿಲ್ಲದಿದ್ದರೆ ನಿಮ್ಮ ಹತ್ತಿರ ಕರೆತರಲಿ. ಆ ಇಬ್ಬರನ್ನು ಮೊದಲು ನೀವು ಒಂದು ವಾರ ತಯಾರು ಮಾಡಬೇಕು, ಸುಮ್ನೆ ಕೂರಿಸಿದರೆ ಆಗೋದಿಲ್ಲ.

ಕಲಿತರಾ ಅಂತ ನೋಡೋದು ಹೇಗೆ

ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲಿಗೆ ಹಾಜರಿ ಪಟ್ಟಿ, ಫೋಟೊ ಬೇಕು, ಇಟ್ಟುಕೊಳ್ಳಿ. ಆದರೆ ಕಲಿಕೆ ಕಾಣೋದು ಅಸೈನ್‌ಮೆಂಟಿನ ಕೊನೆಯ ಪುಟದಲ್ಲಿ. ಪಾಠಕ್ಕೆ ಮುಂಚಿನ ಅಸೈನ್‌ಮೆಂಟ್‌ಗಳನ್ನು, ಆಮೇಲಿನವನ್ನು ಮೇಷ್ಟ್ರ ಜೊತೆ ಕೂತು ಪಕ್ಕಪಕ್ಕ ಇಟ್ಟು ನೋಡಿ. ಮೂಲ ಬರೆದವರು ಎಷ್ಟು ಮಂದಿ? ಬರೀ ಗೂಗಲ್ ಅಂತ ಬರೆದವರು ಎಷ್ಟು? ಅಂಕಿಯ ಜೊತೆ ವರ್ಷ ಬರೆದಿದ್ದಾರಾ? ಎರಡು ಮೂಲ ತಾಳೆಯಾಗದಾಗ ಅದನ್ನು ಮುಚ್ಚಿಡದೆ ಹೇಳಿದ್ದಾರಾ? ಕೊನೆಯದನ್ನು ಒಬ್ಬ ವಿದ್ಯಾರ್ಥಿ ಮಾಡಿದ್ದರೂ ಆ ಹಾಳೆಯ ಜೆರಾಕ್ಸ್ ತೆಗೆದು ಮುಂದಿನ ಬ್ಯಾಚಿಗೆ ತೋರಿಸಿ, ಹೆಸರು ಮರೆಮಾಡಿ.

ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು, ಮುಂದಿನ ಸೆಮಿಸ್ಟರ್‌ಗೆ ಇನ್ನೊಂದು ವಿಭಾಗದ ಎರಡು ಪ್ರಶ್ನೆಗಳನ್ನೂ ಸೇರಿಸಿ ಪ್ರಿನ್ಸಿಪಾಲರಿಗೆ ಕೊಡಿ. ಟೈಮ್ ಟೇಬಲ್ ಹಾಕೋ ಮುಂಚೆಯೇ ಕೊಡಿ. ಹಾಕಿದ ಮೇಲೆ ಕೇಳಿದರೆ ಪೀರಿಯಡ್ ಸಿಗೋದಿಲ್ಲ.